ಪರಂಗಿ ಹುಣ್ಣು: ಒಂದು ರೋಗದ ಹೆಸರು ಮತ್ತು ಅದರ ಸುತ್ತಣ ಮಿಥ್ಯೆಗಳು

ಕನ್ನಡದಲ್ಲಿ ‘ಪರಂಗಿ’ ಎಂಬ ಮಾತಿಗೆ ವಿಚಿತ್ರವಾದ ಬಳಗವಿದೆ. ಪರಂಗಿಯವರು ಎಂದರೆ ಐರೋಪ್ಯರು. ಪರಂಗಿ ಹಣ್ಣು ಅವರ ಹಡಗುಗಳೊಡನೆ ಅಮೆರಿಕ ಖಂಡದಿಂದ ಬಂದ ಪಪ್ಪಾಯಿ. ಅದೇ ಮಾತು ‘ಫಿರಂಗಿ’ಯಾಗಿ ಕೋಟೆಯ ಬುರುಜಿನ ಮೇಲೆ ಕುಳಿತರೆ ತೋಪು. ಗ್ರಂಧಿಗೆ ಅಂಗಡಿಯ ಡಬ್ಬಿಯಲ್ಲಿ ಪರಂಗಿ ಚಕ್ಕೆ ಎಂಬ ಒಣಗಿದ ಗೆಡ್ಡೆಯ ತುಂಡುಗಳಿವೆ. ಹಣ್ಣು, ತೋಪು, ಚಕ್ಕೆಗಳ ನಡುವೆ ಇನ್ನೊಂದು ಹೆಸರಿದೆ. ಅದನ್ನು ಹಿರಿಯರು ದನಿ ತಗ್ಗಿಸಿ ಹೇಳುತ್ತಿದ್ದರು: ಪರಂಗಿ ಹುಣ್ಣು. ಇಂದಿನ ವೈದ್ಯರ ಬಾಯಲ್ಲಿ ಅದು ಸಿಫಿಲಿಸ್.

ಮಾತಿನ ಮೂಲ ಸ್ಪಷ್ಟವಾಗಿದೆ. ಯುರೋಪಿನ ಫ್ರಾಂಕ್ ಜನಾಂಗದ ಹೆಸರು ಅರಬರ, ಪಾರಸಿಕರ ಬಾಯಲ್ಲಿ ‘ಫರಂಗ್’ ಆಗಿ, ಶಿಲುಬೆ ಯುದ್ಧಗಳ ಕಾಲದಿಂದ ಪಶ್ಚಿಮದ ಕ್ರೈಸ್ತರೆಲ್ಲರಿಗೂ ಅನ್ವಯವಾಯಿತು. ಪೋರ್ಚುಗೀಸರು ಕರಾವಳಿಗೆ ಬಂದಾಗ ಅವರನ್ನು ಕರೆಯಲು ಹೊಸ ಹೆಸರು ಹುಡುಕಬೇಕಾದ ಅಗತ್ಯವೇ ಬರಲಿಲ್ಲ. ‘ಫ’ಕಾರವು ಹಳ್ಳಿಯ ನಾಲಗೆಯಲ್ಲಿ ‘ಪ’ಕಾರವಾಯಿತು, ಅಷ್ಟೆ. ಆದರೆ ಒಂದು ರೋಗಕ್ಕೆ ಒಂದು ಜನಾಂಗದ ಹೆಸರನ್ನು ಕಟ್ಟಿದಾಗ ಆಗುವುದು ಬರಿಯ ನಾಮಕರಣವಲ್ಲ. ರೋಗ ಯಾರದು, ಯಾರಿಂದ ಬಂತು, ಯಾರು ನಾಚಬೇಕು ಎಂಬ ತೀರ್ಪು ಆ ಹೆಸರಿನೊಳಗೇ ಅಡಗಿರುತ್ತದೆ. ಲೈಂಗಿಕ ಆರೋಗ್ಯದ ಬಗೆಗೆ ಇಂದಿಗೂ ನಮ್ಮಲ್ಲಿ ಉಳಿದಿರುವ ಹಲವು ತಪ್ಪು ತಿಳಿವಳಿಕೆಗಳ ಬೇರು ಆ ತೀರ್ಪಿನಲ್ಲಿದೆ.

ಚರಕ, ಸುಶ್ರುತ, ವಾಗ್ಭಟರಲ್ಲಿ ಫಿರಂಗ ಎಂಬ ರೋಗವಿಲ್ಲ. ರಾಷ್ಟ್ರಕೂಟರ ಕಾಲದ ಜೈನ ವೈದ್ಯ ಉಗ್ರಾದಿತ್ಯನ ‘ಕಲ್ಯಾಣಕಾರಕ’ದಲ್ಲಿಯೂ ಈ ಹೆಸರು ಇರಲು ಸಾಧ್ಯವಿಲ್ಲ, ಅದು ಒಂಬತ್ತನೆಯ ಶತಮಾನದ ಕೃತಿ. ಸುಶ್ರುತನ ನಿದಾನಸ್ಥಾನದಲ್ಲಿ ‘ಉಪದಂಶ’ವೆಂಬ ಗುಹ್ಯವ್ರಣದ ವರ್ಣನೆಯಿದೆ. ಉಗುರು, ಹಲ್ಲುಗಳ ಗಾಯ, ಅಶೌಚ ಮೊದಲಾದುವನ್ನು ಅದಕ್ಕೆ ಕಾರಣವೆಂದು ಹೇಳಲಾಗಿದೆ. ಹತ್ತೊಂಬತ್ತನೆಯ ಶತಮಾನದ ಅನುವಾದಕರು ಉಪದಂಶವೆಂದರೆ ಸಿಫಿಲಿಸ್ ಎಂದು ಸಲೀಸಾಗಿ ಬರೆದುಬಿಟ್ಟರು. ಅದು ಅವಸರದ ಸಮೀಕರಣ. ಗುಹ್ಯಾಂಗದ ಹುಣ್ಣುಗಳೆಲ್ಲ ಒಂದೇ ರೋಗವಲ್ಲವೆಂಬುದನ್ನು ಆಧುನಿಕ ವೈದ್ಯಶಾಸ್ತ್ರವೂ ತಡವಾಗಿಯೇ ಕಲಿಯಿತು.

ಹೊಸ ರೋಗವನ್ನು ಹೊಸದೆಂದೇ ಗುರುತಿಸಿ ಬರೆದವನು ಹದಿನಾರನೆಯ ಶತಮಾನದ ಭಾವಮಿಶ್ರ. ಅವನ ‘ಭಾವಪ್ರಕಾಶ’ದಲ್ಲಿ ಫಿರಂಗರೋಗಕ್ಕೆ ಪ್ರತ್ಯೇಕ ಅಧಿಕಾರವಿದೆ. ಫಿರಂಗವೆಂಬ ದೇಶದಲ್ಲಿ ಹೆಚ್ಚಾಗಿ ಕಾಣುವುದರಿಂದ ಈ ಹೆಸರು ಬಂದಿತೆಂದೂ, ಫಿರಂಗಿಗಳ ದೇಹಸಂಸರ್ಗದಿಂದ, ಅದರಲ್ಲಿಯೂ ಫಿರಂಗಿ ಸ್ತ್ರೀಯರ ಸಂಗದಿಂದ ಇದು ಹುಟ್ಟುತ್ತದೆಂದೂ ಅವನು ಹೇಳುತ್ತಾನೆ. ಹೊರಗಿನದು, ಒಳಗಿನದು, ಹೊರಗೂ ಒಳಗೂ ಹಬ್ಬಿದ್ದು ಎಂದು ಮೂರು ಬಗೆ ಮಾಡಿ, ಮೊದಲನೆಯದು ಸುಲಭಸಾಧ್ಯ, ಎರಡನೆಯದು ಕಷ್ಟಸಾಧ್ಯ ಎನ್ನುತ್ತಾನೆ. ದೇಹ ಸೊರಗುವುದು, ಬಲ ಕುಂದುವುದು, ಮೂಗು ಕುಸಿಯುವುದು, ಅಗ್ನಿ ಮಂದವಾಗುವುದು, ಮೂಳೆ ಒಣಗಿ ಸೊಟ್ಟಗಾಗುವುದು ಎಂದು ಅವನು ಕೊಡುವ ಉಪದ್ರವಗಳ ಪಟ್ಟಿಯನ್ನು ಇಂದಿನ ವೈದ್ಯವಿದ್ಯಾರ್ಥಿ ಓದಿದರೂ ರೋಗವನ್ನು ಗುರುತಿಸಬಲ್ಲ. ಪರಂಪರೆಯ ಗ್ರಂಥಗಳಲ್ಲಿ ಇಲ್ಲದ್ದನ್ನು ಕಣ್ಣಾರೆ ಕಂಡು ಶಾಸ್ತ್ರಕ್ಕೆ ಸೇರಿಸುವ ಧೈರ್ಯ ಎಲ್ಲ ವ್ಯಾಖ್ಯಾನಕಾರರಿಗೂ ಇರುವುದಿಲ್ಲ. ಭಾವಮಿಶ್ರನಿಗೆ ಅದು ಇತ್ತು.

ಸಂಸರ್ಗದಿಂದ ರೋಗ ಹರಡುತ್ತದೆಂಬ ಅವನ ಗ್ರಹಿಕೆ ಸರಿಯಾದದ್ದು. ಸಂಸರ್ಗಕ್ಕೆ ಅವನು ಜೋಡಿಸಿದ ವಿಶೇಷಣವೇ ಮುಂದೆ ತೊಡಕಾಯಿತು. ಒಂದು ತಲೆಮಾರು ಕಳೆಯುವುದರೊಳಗೆ ರೋಗ ಊರಿನದೇ ಆಗಿರುತ್ತದೆ. ಪರಂಗಿಯವರ ಮುಖವನ್ನೇ ಕಾಣದ ಊರುಗಳಲ್ಲಿ ಪರಂಗಿ ಹುಣ್ಣು ಇರುತ್ತದೆ. ಹೆಸರು ಮಾತ್ರ ಪರಕೀಯನ ಕಡೆಗೇ ಬೆರಳು ತೋರುತ್ತ ನಿಂತಿರುತ್ತದೆ.

ಈ ವಿಷಯದಲ್ಲಿ ಭಾರತೀಯರು ಒಂಟಿಯಲ್ಲ. 1495ರಲ್ಲಿ ಫ್ರಾನ್ಸಿನ ಎಂಟನೆಯ ಚಾರ್ಲ್ಸನ ಸೇನೆ ಇಟಲಿಯ ನೇಪಲ್ಸ್ ನಗರವನ್ನು ಹಿಡಿದುಕೊಂಡಿತು. ಹಲವು ದೇಶಗಳ ಕೂಲಿ ಸೈನಿಕರಿದ್ದ ಆ ದಂಡಿನಲ್ಲಿ ರೋಗ ಕಾಣಿಸಿಕೊಂಡಿತು. ಸೈನಿಕರು ಚದುರಿ ತಂತಮ್ಮ ಊರುಗಳಿಗೆ ಹೋದಂತೆ ಅದೂ ಯುರೋಪಿನ ತುಂಬ ಚದುರಿತು. ಫ್ರೆಂಚರು ಅದನ್ನು ನೇಪಲ್ಸಿನ ರೋಗವೆಂದರು. ಇಟಲಿಯವರು, ಜರ್ಮನರು, ಇಂಗ್ಲಿಷರು ಫ್ರೆಂಚರ ರೋಗವೆಂದರು. ರಷ್ಯದವರಿಗೆ ಅದು ಪೋಲೆಂಡಿನ ರೋಗ. ಜಪಾನಿನವರಿಗೆ ಚೀನೀಯರ ಹುಣ್ಣು. ಚೀನೀಯರಲ್ಲಿಯೇ ಅದಕ್ಕೆ ದಕ್ಷಿಣದ ಕ್ಯಾಂಟನ್ ಪ್ರಾಂತದ ಹೆಸರು. ತುರ್ಕಿ ಭಾಷೆಯಲ್ಲಿ ಇಂದಿಗೂ ಸಿಫಿಲಿಸಿಗೆ ‘ಫ್ರೆಂಗಿ’ ಎಂದೇ ಹೆಸರು. ನಮ್ಮ ಪರಂಗಿಯ ಸಹೋದರ ಅದು. ಪೋರ್ಚುಗೀಸರೂ ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳಲಿಲ್ಲ. ಅವರು ಅದನ್ನು ನೆರೆಯ ಸ್ಪೇನಿನ ಕ್ಯಾಸ್ಟೀಲಿನವರ ತುರಿಯೆಂದು ಕರೆದರು. ಕೊಲಂಬಸ್ 1493ರಲ್ಲಿ ಅಮೆರಿಕದಿಂದ ಮರಳಿದ ಹಡಗುಗಳೇ ರೋಗವನ್ನು ತಂದವೋ, ಅದಕ್ಕೂ ಮೊದಲೇ ಹಳೆಯ ಜಗತ್ತಿನಲ್ಲಿ ಅದರ ಕುಲದ ರೋಗಗಳು ಇದ್ದವೋ ಎಂಬ ವಾದ ಐದು ಶತಮಾನಗಳ ಮೇಲೂ ನಡೆದಿದೆ. ಈಗ ಅದು ಹಳೆಯ ಮೂಳೆಗಳಿಂದ ತೆಗೆದ ಡಿಎನ್‌ಎಯ ಆಧಾರದ ಮೇಲೆ ನಡೆಯುತ್ತಿದೆ.

‘ಸಿಫಿಲಿಸ್’ ಎಂಬ ಹೆಸರು ಒಂದು ಕಾವ್ಯದಿಂದ ಬಂದದ್ದು ಸಾಹಿತ್ಯದ ಓದುಗರಿಗೆ ಕುತೂಹಲವೆನಿಸಬಹುದು. ವೆರೋನಾದ ವೈದ್ಯಕವಿ ಫ್ರಕಾಸ್ಟೋರೊ 1530ರಲ್ಲಿ ಪ್ರಕಟಿಸಿದ ಲ್ಯಾಟಿನ್ ಕಾವ್ಯದಲ್ಲಿ ಸಿಫಿಲಸ್ ಎಂಬ ಕುರುಬನಿದ್ದಾನೆ. ಅವನು ಸೂರ್ಯದೇವನನ್ನು ಅವಮಾನಿಸುತ್ತಾನೆ. ದೇವನ ಕೋಪ ರೋಗವಾಗಿ ಅವನ ಮೈಮೇಲೆ ಒಡೆಯುತ್ತದೆ. ರೋಗವೆಂದರೆ ಪಾಪದ ಶಿಕ್ಷೆ ಎಂಬ ಭಾವನೆ ಹೀಗೆ ಹೆಸರಿನಲ್ಲಿಯೇ ನೆಲೆನಿಂತಿತು. ಅದೇ ಫ್ರಕಾಸ್ಟೋರೊ ಹದಿನಾರು ವರ್ಷಗಳ ತರುವಾಯ, 1546ರಲ್ಲಿ, ಸಾಂಕ್ರಾಮಿಕ ರೋಗಗಳು ಕಣ್ಣಿಗೆ ಕಾಣದ ‘ಬೀಜ’ಗಳ ಮೂಲಕ ಒಬ್ಬರಿಂದ ಒಬ್ಬರಿಗೆ ದಾಟುತ್ತವೆ ಎಂದು ಗದ್ಯದಲ್ಲಿ ಶಾಸ್ತ್ರಗ್ರಂಥವನ್ನು ಬರೆದ. ಲೋಕವು ಅವನ ಕಾವ್ಯದ ಹೆಸರನ್ನು ಇಟ್ಟುಕೊಂಡು ಶಾಸ್ತ್ರದ ಬೀಜಗಳನ್ನು ಮುನ್ನೂರು ವರ್ಷ ಮರೆಯಿತು.

ಇನ್ನು ಪರಂಗಿ ಚಕ್ಕೆಯ ಕಥೆ. 1534ರಲ್ಲಿ ಗೋವೆಗೆ ಬಂದು ಅಲ್ಲಿಯೇ ನೆಲಸಿದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಭಾರತದ ಔಷಧದ್ರವ್ಯಗಳನ್ನು ಕುರಿತು ಸಂವಾದರೂಪದ ಗ್ರಂಥವೊಂದನ್ನು ಗೋವೆಯಲ್ಲಿಯೇ ಅಚ್ಚು ಹಾಕಿಸಿದ. ಭಾರತದಲ್ಲಿ ಮುದ್ರಿತವಾದ ಅತ್ಯಂತ ಹಳೆಯ ಪುಸ್ತಕಗಳಲ್ಲಿ ಅದೂ ಒಂದು. ಅದರಲ್ಲಿ ‘ಚೀನಾ ಬೇರಿ’ಗೆ ಮೀಸಲಾದ ಒಂದು ಸಂವಾದವಿದೆ. 1535ರ ಸುಮಾರಿಗೆ ಚೀನಾದಿಂದ ಈ ಕಡೆಗೆ ಬಂದ ಈ ಗೆಡ್ಡೆ ಈ ಹೊಸ ರೋಗಕ್ಕೆ ರಾಮಬಾಣವೆಂದು ಹೆಸರು ಮಾಡಿತು. ಅದರ ಕೀರ್ತಿ ಯುರೋಪಿನ ಚಕ್ರವರ್ತಿ ಐದನೆಯ ಚಾರ್ಲ್ಸನವರೆಗೂ ಹೋಯಿತು. ಅಂಗರಚನಾಶಾಸ್ತ್ರದ ಪಿತಾಮಹ ವೆಸಾಲಿಯಸ್ 1546ರಲ್ಲಿ ಇದರ ಬಗೆಗೆ ಒಂದು ದೀರ್ಘ ಪತ್ರವನ್ನೇ ಪ್ರಕಟಿಸಿದ. ಸಂಸ್ಕೃತದಲ್ಲಿ ಅದು ಚೋಪಚೀನಿ. ಚೀನಾದ ಗೆಡ್ಡೆ ಕನ್ನಡದಲ್ಲಿ ಪರಂಗಿಯವರ ಹೆಸರನ್ನು ಹೊತ್ತುಕೊಂಡಿರುವುದು ಸ್ವಾರಸ್ಯದ ಸಂಗತಿ. ರೋಗ ಯಾರದೋ ಮದ್ದೂ ಅವರದೇ ಎಂದು ಜನ ಎಣಿಸಿರಬೇಕು. ಓರ್ತಾ ತೀರಿಕೊಂಡ ಹನ್ನೆರಡು ವರ್ಷಗಳ ಮೇಲೆ, ಅವನು ಗುಟ್ಟಾಗಿ ಯಹೂದ್ಯ ಮತವನ್ನು ಆಚರಿಸುತ್ತಿದ್ದನೆಂದು, ಗೋವೆಯ ಧರ್ಮವಿಚಾರಣಾ ಮಂಡಳಿ ಅವನ ಅಸ್ಥಿಗಳನ್ನು ಗೋರಿಯಿಂದ ತೆಗೆಸಿ ಸುಡಿಸಿತು. ಪರಕೀಯರೆಂಬ ಭಯ ರೋಗದ ಹೆಸರಿಗೆ ಮಾತ್ರ ಸೀಮಿತವಾಗಿರಲಿಲ್ಲ.

ಈ ಚಕ್ಕೆಯಿಂದ ಹುಣ್ಣು ವಾಸಿಯಾಯಿತೆಂದು ನೂರಾರು ಜನ ಪ್ರಾಮಾಣಿಕವಾಗಿಯೇ ನಂಬಿದರು. ಅವರು ಸುಳ್ಳು ಹೇಳಲಿಲ್ಲ. ರೋಗದ ನಡೆಯೇ ಅಂಥದು. ಸೋಂಕು ತಗುಲಿದ ಸುಮಾರು ಮೂರು ವಾರಗಳಿಗೆ ನೋವಿಲ್ಲದ ಒಂದು ಹುಣ್ಣು ಏಳುತ್ತದೆ. ಯಾವ ಮದ್ದನ್ನೂ ಮಾಡದಿದ್ದರೂ ಮೂರರಿಂದ ಆರು ವಾರಗಳಲ್ಲಿ ಅದು ತಾನಾಗಿ ಮಾಯುತ್ತದೆ. ಕೆಲವು ವಾರ ಕಳೆದು ಅಂಗೈ, ಅಂಗಾಲು, ಮೈಮೇಲೆಲ್ಲ ದದ್ದುಗಳೇಳುತ್ತವೆ. ಅವೂ ತಾವಾಗಿ ಅಡಗುತ್ತವೆ. ಬಳಿಕ ವರ್ಷಗಟ್ಟಲೆ, ಕೆಲವರಲ್ಲಿ ದಶಕಗಳವರೆಗೆ, ಹೊರಗೆ ಏನೂ ಕಾಣುವುದಿಲ್ಲ. ರೋಗಿ ತಾನು ಗುಣವಾದೆನೆಂದು ಮದುವೆಯಾಗುತ್ತಾನೆ, ಮಕ್ಕಳನ್ನು ಪಡೆಯುತ್ತಾನೆ. ಆಮೇಲೆ ಹಲವರಲ್ಲಿ ಮೂಳೆ, ಹೃದಯದ ಮಹಾಧಮನಿ, ಮಿದುಳುಗಳ ಮೇಲೆ ರೋಗ ಎರಗುತ್ತದೆ. ಹುಣ್ಣು ಎದ್ದಾಗ ಯಾವ ಪಂಡಿತ ಯಾವ ಪುಡಿ ಕೊಟ್ಟಿದ್ದರೂ ಆರು ವಾರಗಳ ಹೊತ್ತಿಗೆ ಕೀರ್ತಿ ಅವನಿಗೇ. ನಾಟಿ ಮದ್ದು, ಮಂತ್ರ, ತಾಯಿತ, ಪಥ್ಯ ಎಲ್ಲವೂ ಇಲ್ಲಿ ಗೆದ್ದಿವೆ. ಗೋಡೆಯ ಮೇಲೆ ‘ಗುಪ್ತರೋಗಗಳಿಗೆ ಖಚಿತ ಪರಿಹಾರ’ ಎಂದು ಬರೆಸುವವರ ವ್ಯಾಪಾರ ಇಂದಿಗೂ ಈ ಒಂದು ಸಂಗತಿಯ ಮೇಲೆಯೇ ನಿಂತಿದೆ.

ನಾರ್ವೆ ದೇಶದ ಒಂದು ಪ್ರಸಂಗ ಇದಕ್ಕೆ ಸಾಕ್ಷಿ. ಓಸ್ಲೋದ ವೈದ್ಯ ಸೀಸರ್ ಬೋಕ್ ಅಂದಿನ ಪಾದರಸದ ಚಿಕಿತ್ಸೆ ರೋಗಕ್ಕಿಂತ ಕೇಡೆಂದು ನಂಬಿ, 1891ರಿಂದ 1910ರವರೆಗೆ ಸುಮಾರು ಎರಡು ಸಾವಿರ ರೋಗಿಗಳನ್ನು ಅದಿಲ್ಲದೆಯೇ ಆಸ್ಪತ್ರೆಯಲ್ಲಿ ಇರಿಸಿಕೊಂಡ. ಮುಂದಿನವರು ಆ ರೋಗಿಗಳ ಬದುಕನ್ನು ದಶಕಗಳ ಕಾಲ ಹಿಂಬಾಲಿಸಿ ಲೆಕ್ಕ ತೆಗೆದಾಗ, ಮೂರರಲ್ಲಿ ಎರಡು ಪಾಲಿನಷ್ಟು ಜನರಿಗೆ ಕೊನೆಯ ಹಂತದ ತೊಂದರೆಗಳು ಬಂದೇ ಇರಲಿಲ್ಲವೆಂದು ತಿಳಿದುಬಂತು. ಉಳಿದ ಒಂದು ಪಾಲಿನವರು ಯಾರಾಗುತ್ತಾರೆಂದು ಮೊದಲೇ ಹೇಳಲು ಯಾವ ಉಪಾಯವೂ ಇರಲಿಲ್ಲ.

ಪಾದರಸದ ವಿಷಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಪೂರ್ವ ಪಶ್ಚಿಮಗಳೆರಡೂ ಇದೊಂದರಲ್ಲಿ ಒಮ್ಮತಕ್ಕೆ ಬಂದಿದ್ದವು. ಭಾವಮಿಶ್ರ ರಸಕರ್ಪೂರವನ್ನು ವಿಧಿಸುತ್ತಾನೆ. ಅದನ್ನು ಗೋಧಿ ಹಿಟ್ಟಿನ ಕಣಕದೊಳಗೆ ಅಡಗಿಸಿ, ಹಲ್ಲಿಗೆ ತಾಗದಂತೆ ನುಂಗಿ, ಮೇಲೆ ತಾಂಬೂಲ ಹಾಕಿಕೊಳ್ಳಬೇಕೆಂಬ ಎಚ್ಚರಿಕೆಯೂ ಅವನಲ್ಲಿದೆ. ಪಾದರಸ ಹಲ್ಲು, ವಸಡುಗಳನ್ನು ಹಾಳುಮಾಡುತ್ತದೆಂದು ಅವನಿಗೆ ಗೊತ್ತಿತ್ತು. ಯುರೋಪಿನಲ್ಲಿ ಅಷ್ಟು ಎಚ್ಚರ ಕಾಣದು. ಅಲ್ಲಿ ರೋಗಿಯ ಮೈಗೆ ಪಾದರಸದ ಮುಲಾಮು ಬಳಿದು, ಬಿಸಿ ಕೋಣೆಯಲ್ಲಿ ಕೂರಿಸಿ ಬೆವರಿಸುತ್ತಿದ್ದರು. ಬಾಯಿಂದ ಸೇರುಗಟ್ಟಲೆ ಜೊಲ್ಲು ಸುರಿದರೆ ರೋಗದ ವಿಷ ಹೊರಗೆ ಹೋಗುತ್ತಿದೆಯೆಂದು ವೈದ್ಯರು ಸಂತೋಷಪಡುತ್ತಿದ್ದರು. ವಾಸ್ತವವಾಗಿ ಅದು ಪಾದರಸದ ವಿಷ ಏರಿದ ಲಕ್ಷಣ. ಹಲ್ಲುಗಳು ಉದುರುತ್ತಿದ್ದವು, ನರಗಳು ನಡುಗುತ್ತಿದ್ದವು. ರೋಗದಿಂದ ಸತ್ತವರೆಷ್ಟು, ಮದ್ದಿನಿಂದ ಸತ್ತವರೆಷ್ಟು ಎಂದು ಬೇರ್ಪಡಿಸುವುದು ಇತಿಹಾಸಕಾರರಿಗೆ ಕಷ್ಟ. ನೋವು ಹೆಚ್ಚಾದಷ್ಟೂ ಮದ್ದು ನಾಟುತ್ತದೆಂಬ ನಂಬಿಕೆಯ ಹಿಂದೆ ಪ್ರಾಯಶ್ಚಿತ್ತದ ಭಾವವೂ ಸೇರಿಕೊಂಡಿತ್ತು. ಪಾಪದ ರೋಗಕ್ಕೆ ಹಿತವಾದ ಮದ್ದು ಇರಬಾರದು ಎಂಬ ಮನೋಧರ್ಮ ಅದು.

ಇದರ ಜೊತೆಗೆ ರೋಗಗಳ ಕಲಸುಮೇಲೋಗರ. ಮೂತ್ರದ ಉರಿ, ಕೀವು, ಹುಣ್ಣು, ಬಿಳಿ ಸೆರಗು ಎಲ್ಲವನ್ನೂ ‘ಮೇಹ’ ಅಥವಾ ‘ಉಷ್ಣ’ ಎಂಬ ಒಂದೇ ಚೀಲಕ್ಕೆ ತುಂಬುವ ರೂಢಿ ನಮ್ಮಲ್ಲಿದೆ. ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಜಾನ್ ಹಂಟರ್ ಕೂಡ ಇದಕ್ಕಿಂತ ಮೇಲಾಗಿರಲಿಲ್ಲ. 1767ರಲ್ಲಿ ಅವನು ಗೊನೋರಿಯಾ ರೋಗಿಯ ಕೀವನ್ನು ಚುಚ್ಚಿ ಒಂದು ಪ್ರಯೋಗ ನಡೆಸಿದ. ಚುಚ್ಚಿಸಿಕೊಂಡ ಮೈಯಲ್ಲಿ ಸಿಫಿಲಿಸಿನ ಹುಣ್ಣೂ ಎದ್ದಿತು. ಎರಡೂ ಒಂದೇ ರೋಗವೆಂದು ಅವನು ಸಾರಿದ. ಕೀವು ಕೊಟ್ಟ ರೋಗಿಗೆ ಎರಡೂ ರೋಗಗಳು ಒಟ್ಟಿಗೆ ಇದ್ದಿರಬೇಕೆಂಬುದು ಅವನಿಗೆ ಹೊಳೆಯಲಿಲ್ಲ. 1838ರಲ್ಲಿ ಪ್ಯಾರಿಸಿನ ಫಿಲಿಪ್ ರಿಕೋರ್ ಅವೆರಡನ್ನೂ ಬೇರ್ಪಡಿಸಿ ತೋರಿಸುವವರೆಗೆ ಹಂಟರನ ಹೆಸರಿನ ಭಾರದಡಿ ಸತ್ಯ ಎಪ್ಪತ್ತು ವರ್ಷ ಸಿಕ್ಕಿಕೊಂಡಿತ್ತು. ದೊಡ್ಡವರ ತಪ್ಪು ದೊಡ್ಡ ಆಯುಷ್ಯವನ್ನೇ ಪಡೆಯುತ್ತದೆ.

ಹೆಸರಿನೊಳಗಿನ ತೀರ್ಪು ಕಾನೂನಾಗಿ ಇಳಿದದ್ದನ್ನು ಕಾಣಬೇಕಾದರೆ ಬೆಂಗಳೂರಿನ ದಂಡಿಗೆ ಬರಬೇಕು. 1809ರಲ್ಲಿ ನೆಲೆಗೊಂಡ ಬೆಂಗಳೂರು ದಂಡುಪ್ರದೇಶ ದಕ್ಷಿಣ ಭಾರತದ ಬಹುದೊಡ್ಡ ಸೇನಾನೆಲೆಗಳಲ್ಲಿ ಒಂದು. ಮದುವೆಯಾಗಲು ಹೆಚ್ಚಿನ ಸೈನಿಕರಿಗೆ ಅನುಮತಿಯಿರಲಿಲ್ಲ. ದಂಡಿನ ಬಜಾರುಗಳಲ್ಲಿ ವೇಶ್ಯಾವೃತ್ತಿಗೆ ಸೇನೆಯ ಒಪ್ಪಿಗೆಯೂ ಮೇಲ್ವಿಚಾರಣೆಯೂ ಇತ್ತು. ರೋಗ ಹಬ್ಬಿದಾಗ ‘ಲಾಕ್ ಹಾಸ್ಪಿಟಲ್’ ಎಂಬ ಆಸ್ಪತ್ರೆಗಳನ್ನು ತೆರೆದು ಸೋಂಕು ಕಂಡ ಹೆಂಗಸರನ್ನು ಅಲ್ಲಿ ಕೂಡಿಹಾಕುತ್ತಿದ್ದರು. ಬೆಂಗಳೂರಿನಲ್ಲಿಯೂ ಅಂಥ ಆಸ್ಪತ್ರೆಯಿತ್ತು. 1868ರ ಭಾರತೀಯ ಸಾಂಕ್ರಾಮಿಕ ರೋಗಗಳ ಕಾಯಿದೆ ಈ ಪದ್ಧತಿಯನ್ನು ಇನ್ನೂ ಬಿಗಿಮಾಡಿತು. ಹೆಂಗಸರು ಹೆಸರು ನೋಂದಾಯಿಸಬೇಕು, ನಿಯತವಾಗಿ ದೇಹಪರೀಕ್ಷೆಗೆ ಬರಬೇಕು, ತಪ್ಪಿದರೆ ದಂಡ ಅಥವಾ ಸೆರೆ. ಅವರ ಬಳಿಗೆ ಹೋಗುವ ಸೈನಿಕನಿಗೆ ಈ ಕಾಯಿದೆಯಡಿ ಪರೀಕ್ಷೆಯಿಲ್ಲ. ಅದು ಅವನ ಆತ್ಮಗೌರವಕ್ಕೆ ಕುಂದೆಂದು ಅಧಿಕಾರಿಗಳು ಭಾವಿಸಿದ್ದರು.

ರೋಗ ಇಬ್ಬರ ನಡುವೆ ದಾಟುತ್ತದೆ. ಪರೀಕ್ಷೆ ಒಬ್ಬರಿಗೆ ಮಾತ್ರ. ಇಂಥ ಏರ್ಪಾಡಿನಿಂದ ರೋಗ ತಗ್ಗಲು ಹೇಗೆ ಸಾಧ್ಯ? ತಗ್ಗಲಿಲ್ಲ. ಇಂಗ್ಲೆಂಡಿನಲ್ಲಿ ಜೋಸೆಫೀನ್ ಬಟ್ಲರ್ ನಡೆಸಿದ ದೀರ್ಘ ಚಳವಳಿಯ ಫಲವಾಗಿ ಅಲ್ಲಿಯ ಕಾಯಿದೆ 1886ರಲ್ಲಿಯೂ ಇಲ್ಲಿಯದು 1888ರಲ್ಲಿಯೂ ರದ್ದಾದವು. ಇಂಗ್ಲೆಂಡಿನಲ್ಲಿ ಕಾಯಿದೆ ರದ್ದಾದ ಅದೇ 1886ರಲ್ಲಿ, ಭಾರತದ ಸೇನಾ ಕಚೇರಿಯೊಂದರಿಂದ ಹೊರಟ ಸುತ್ತೋಲೆಯು ದಂಡಿನ ಬಜಾರುಗಳಲ್ಲಿ ಸಾಕಷ್ಟು ಸಂಖ್ಯೆಯ, ನೋಡಲು ಚೆನ್ನಾಗಿರುವ ಹೆಂಗಸರು ಇರುವಂತೆ ನೋಡಿಕೊಳ್ಳಬೇಕೆಂದು ಸೂಚಿಸಿತ್ತು. ಅದು ಬಯಲಾದಾಗ ಲಂಡನ್ನಿನಲ್ಲಿ ದೊಡ್ಡ ಗದ್ದಲವೆದ್ದಿತು. 1890ರ ದಶಕದ ಮಧ್ಯದ ಹೊತ್ತಿಗೆ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ಸಾವಿರಕ್ಕೆ ಐನೂರಕ್ಕೂ ಹೆಚ್ಚು ಆಸ್ಪತ್ರೆ ದಾಖಲೆಗಳು ಲೈಂಗಿಕ ರೋಗಗಳದೇ ಆಗಿದ್ದವು. ಹೆಸರಿನ ದೃಷ್ಟಿಯಿಂದ ನೋಡಿದರೆ ಎಲ್ಲವೂ ತಲೆಕೆಳಗಾಗಿತ್ತು. ನಮ್ಮವರು ಪರಂಗಿಯವರ ರೋಗವೆಂದದ್ದನ್ನು ಪರಂಗಿಯವರು ‘ದೇಶೀ ಹೆಂಗಸರ ರೋಗ’ವೆಂದು ಬಗೆದು ದೇಶೀ ಹೆಂಗಸರನ್ನು ಬೀಗ ಹಾಕಿ ಇಟ್ಟಿದ್ದರು.

‘ಕೆಟ್ಟ ಹೆಂಗಸಿನಿಂದ ಮಾತ್ರ ಬರುತ್ತದೆ’ ಎಂಬ ಮಾತಿನ ಹೊರೆ ಕೊನೆಗೆ ಬಿದ್ದದ್ದು ಮನೆಯ ಹೆಂಗಸಿನ ಮೇಲೆ. ಗಂಡನಿಂದ ಸೋಂಕು ತಗುಲಿದ ಗೃಹಿಣಿಗೆ ತನ್ನ ರೋಗದ ಹೆಸರನ್ನು ಕೇಳುವ ಹಕ್ಕೂ ಇರಲಿಲ್ಲ. ಕುಟುಂಬದ ಮಾನಕ್ಕಾಗಿ ವೈದ್ಯರು ಗಂಡನ ಗುಟ್ಟನ್ನು ಕಾಪಾಡುತ್ತಿದ್ದರು. ನಾರ್ವೆಯ ಇಬ್ಸೆನ್ 1881ರಲ್ಲಿ ಬರೆದ ‘ಗೋಸ್ಟ್ಸ್’ ನಾಟಕ ಈ ಗುಟ್ಟನ್ನು ರಂಗದ ಮೇಲೆ ತಂದಾಗ ಯುರೋಪಿನ ಸಭ್ಯ ಸಮಾಜ ಮೂಗು ಮುಚ್ಚಿಕೊಂಡಿತು. ಚಿಕಿತ್ಸೆ ಸಿಗದ ಸಿಫಿಲಿಸ್ ಗರ್ಭಪಾತ, ಸತ್ತ ಶಿಶುವಿನ ಹೆರಿಗೆ, ಹುಟ್ಟಿನಿಂದಲೇ ರೋಗ ಹೊತ್ತ ಮಗು ಇವುಗಳಿಗೆ ಕಾರಣವಾಗುತ್ತದೆ. ನಮ್ಮ ನಾಡಿನಲ್ಲಿ ಗರ್ಭ ನಿಲ್ಲದ ಹೆಂಗಸಿಗೆ ನಾಗದೋಷವನ್ನು ಹೇಳಿದರು, ಅಶ್ವತ್ಥ ಸುತ್ತಿಸಿದರು, ನಾಗರಕಲ್ಲು ನಿಲ್ಲಿಸಿದರು, ಕೊನೆಗೆ ಇನ್ನೊಂದು ಮದುವೆಯ ಮಾತೆತ್ತಿದರು. ಗರ್ಭ ಇಳಿಯುವುದಕ್ಕೆ ಕಾರಣಗಳು ಹಲವು. ಎಲ್ಲವನ್ನೂ ಈ ರೋಗದ ತಲೆಗೆ ಕಟ್ಟಲಾಗದು. ಆದರೆ ಗಂಡನ ಮೈಯನ್ನೂ ಒಮ್ಮೆ ನೋಡಬೇಕೆಂದು ಆ ಕಟ್ಟೆಯ ಸುತ್ತ ನಿಂತವರಲ್ಲಿ ಯಾರಿಗೂ ತೋರಲಿಲ್ಲ. ಎರಡನೆಯ ಹೆಂಡತಿಗೂ ಅದೇ ಗತಿಯಾದಾಗ ದೋಷವನ್ನು ಅವಳ ಜಾತಕದಲ್ಲಿ ಹುಡುಕಿದರು.

ಇದಕ್ಕಿಂತ ಘೋರವಾದ ಮಿಥ್ಯೆ ಇನ್ನೊಂದಿತ್ತು. ಕನ್ಯೆಯ ಸಂಗದಿಂದ ರೋಗ ತೊಲಗುತ್ತದೆಂಬುದು. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ವೈದ್ಯರೂ ಅದನ್ನು ದಾಖಲಿಸಿದ್ದಾರೆ. ಏಷ್ಯ, ಆಫ್ರಿಕಗಳಲ್ಲಿಯೂ ಅದು ಕೇಳಿಬಂದಿದೆ. ಅದರಿಂದ ಯಾವ ರೋಗಿಯೂ ಗುಣವಾಗಲಿಲ್ಲ. ಏನೂ ಅರಿಯದ ಎಳೆಯ ಹುಡುಗಿಯರಿಗೆ ರೋಗ ಅಂಟಿತು.

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕತ್ತಲೆ ಬೇಗಬೇಗನೆ ಹರಿಯಿತು. 1905ರಲ್ಲಿ ಬರ್ಲಿನ್ನಿನ ಷೌಡಿನ್ ಮತ್ತು ಹಾಫ್‌ಮನ್ ಸುರುಳಿಯಾಕಾರದ ರೋಗಾಣುವನ್ನು ಸೂಕ್ಷ್ಮದರ್ಶಕದಡಿ ಕಂಡರು. ಮರುವರ್ಷ ವಾಸರ್‌ಮನ್ ರಕ್ತಪರೀಕ್ಷೆ ಬಂತು. 1909ರಲ್ಲಿ ಪಾಲ್ ಎರ್ಲಿಕ್‌ನ ಪ್ರಯೋಗಶಾಲೆಯಲ್ಲಿ ಜಪಾನಿನ ಸಹಾಚಿರೊ ಹಾತಾ 606ನೆಯ ಸಂಖ್ಯೆಯ ಸಂಯುಕ್ತ ಫಲಕಾರಿಯೆಂದು ಕಂಡುಹಿಡಿದ. ಮರುವರ್ಷ ಅದು ಸಾಲ್ವರ್ಸಾನ್ ಎಂಬ ಹೆಸರಿನಿಂದ ಪೇಟೆಗೆ ಬಂತು. ಆರ್ಸೆನಿಕ್ ಬೆರೆತ ಆ ಮದ್ದೂ ಸಾಧುವಲ್ಲ. 1943ರಲ್ಲಿ ಅಮೆರಿಕದ ಜಾನ್ ಮಹೋನಿ ನಾಲ್ವರು ರೋಗಿಗಳಿಗೆ ಪೆನಿಸಿಲಿನ್ ಕೊಟ್ಟು ನೋಡಿದ, ನಾಲ್ವರೂ ಗುಣವಾದರು. ನಾನ್ನೂರೈವತ್ತು ವರ್ಷಗಳ ರೋಗಕ್ಕೆ ಮದ್ದು ಸಿಕ್ಕಿತ್ತು.

ಮದ್ದು ಸಿಕ್ಕಿದ ಮೇಲೂ ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೆಗಿಯಲ್ಲಿ ನಡೆದದ್ದನ್ನು ಮರೆಯಬಾರದು. ಅಲ್ಲಿ 1932ರಿಂದ ಸಿಫಿಲಿಸ್ ಇದ್ದ 399 ಮಂದಿ ಕಪ್ಪು ಜನಾಂಗದ ಬಡ ಗಂಡಸರನ್ನು ಚಿಕಿತ್ಸೆ ಕೊಡದೆ ಸರಕಾರಿ ವೈದ್ಯರು ‘ಅಧ್ಯಯನ’ ಮಾಡಿದರು. ನಿಮ್ಮ ರಕ್ತ ಕೆಟ್ಟಿದೆ ಎಂದಷ್ಟೇ ಅವರಿಗೆ ತಿಳಿಸಲಾಗಿತ್ತು. ಪೆನಿಸಿಲಿನ್ ಎಲ್ಲೆಡೆ ಸಿಗುವಂತಾದ ಬಳಿಕವೂ ಅವರಿಗೆ ಕೊಡಲಿಲ್ಲ. 1972ರಲ್ಲಿ ಪತ್ರಿಕೆಗಳು ಬಯಲಿಗೆಳೆಯುವ ತನಕ ನಲವತ್ತು ವರ್ಷ ಅದು ನಡೆಯಿತು. ‘ರಕ್ತ ಕೆಟ್ಟಿದೆ’ ಎಂಬ ಮಾತು ನಮ್ಮ ಹಳ್ಳಿಗಳಿಗೂ ಹೊಸದಲ್ಲ. ರೋಗದ ಹೆಸರನ್ನು ಮರೆಮಾಡುವ ಮಾತುಗಳು ರೋಗಿಯ ಮಾನವನ್ನು ಕಾಯುವುದಕ್ಕಿಂತ ಹೆಚ್ಚಾಗಿ ಅವನ ತಿಳಿವನ್ನು ಕಸಿಯುತ್ತವೆ.

ಪರಂಗಿ ಎಂಬ ಮಾತು ಇಷ್ಟು ಹೊತ್ತಿಗೆ ಹಳತಾಗಿ ಸವೆದಿತ್ತು. ಆದರೆ 1986ರಲ್ಲಿ ಚೆನ್ನೈನ ವೈದ್ಯೆ ಸುನೀತಿ ಸಾಲೊಮನ್ ಹಾಗೂ ಅವರ ವಿದ್ಯಾರ್ಥಿನಿ ನಿರ್ಮಲಾ ಭಾರತದ ಮೊದಲ ಎಚ್‌ಐವಿ ಸೋಂಕುಗಳನ್ನು ಪತ್ತೆಹಚ್ಚಿದಾಗ ಅದು ಮತ್ತೆ ಜೀವ ಪಡೆಯಿತು. ಇದು ವಿದೇಶೀಯರ ರೋಗ, ನಮ್ಮ ಸಂಸ್ಕೃತಿಯಲ್ಲಿ ಇದಕ್ಕೆ ಎಡೆಯಿಲ್ಲ ಎಂದು ಬಲ್ಲವರೇ ಹೇಳಿದರು. 1988ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂದಿನ ಮುಖ್ಯಸ್ಥರೇ ಭಾರತೀಯರು ವಿದೇಶೀಯರೊಡನೆ ದೇಹಸಂಬಂಧ ಬೆಳೆಸುವುದನ್ನು ಕಾನೂನಿನಿಂದ ನಿಷೇಧಿಸಬೇಕೆಂದು ಸಲಹೆ ಮಾಡಿದರು. ಭಾವಮಿಶ್ರನ ವಾಕ್ಯ ನಾಲ್ಕು ಶತಮಾನಗಳ ಬಳಿಕ ಶಾಸನದ ಕರಡಾಗಲು ಹೊರಟಂತಿತ್ತು. ಮರುವರ್ಷ ಗೋವೆಯಲ್ಲಿ, ಓರ್ತಾ ಬದುಕಿದ್ದ ಅದೇ ನೆಲದಲ್ಲಿ, ರಕ್ತದಾನ ಮಾಡಿದ್ದ ಡೊಮಿನಿಕ್ ಡಿಸೋಜಾ ಎಂಬ ಯುವಕನಲ್ಲಿ ಸೋಂಕು ಪತ್ತೆಯಾಯಿತು. ಪೊಲೀಸರು ಅವನನ್ನು ಕರೆದೊಯ್ದು ಪಾಳುಬಿದ್ದ ಕ್ಷಯರೋಗಾಲಯದ ಕಟ್ಟಡವೊಂದರಲ್ಲಿ 64 ದಿನ ಒಂಟಿಯಾಗಿ ಕೂಡಿಹಾಕಿದರು. ಅವನ ತಾಯಿ ನ್ಯಾಯಾಲಯದ ಮೊರೆಹೊಕ್ಕರು. ಬಾಂಬೆ ಹೈಕೋರ್ಟ್ ಹಾಗೆ ಪ್ರತ್ಯೇಕಿಸಲು ಅವಕಾಶವಿತ್ತ ಕಾನೂನನ್ನೇ ಎತ್ತಿಹಿಡಿಯಿತು. ಸೋಂಕಿತರ ಹಕ್ಕುಗಳನ್ನು ಕಾಯುವ ಕೇಂದ್ರ ಕಾಯಿದೆ ಬಂದದ್ದು 2017ರಲ್ಲಿ.

ಇಂದು ಸಿಫಿಲಿಸಿನ ಬಗೆಗೆ ತಿಳಿಯಬೇಕಾದದ್ದು ಹೆಚ್ಚೇನೂ ಇಲ್ಲ, ಆದರೆ ಇರುವುದನ್ನು ನೇರವಾಗಿ ತಿಳಿಯಬೇಕು. ಅದು ಶೌಚಾಲಯದ ಆಸನದಿಂದ, ತಟ್ಟೆ ಲೋಟಗಳಿಂದ, ಒಂದೇ ಕೆರೆಯಲ್ಲಿ ಮೀಯುವುದರಿಂದ ಬರುವುದಿಲ್ಲ. ಆ ರೋಗಾಣು ಮೈಯ ಹೊರಗೆ ಹೆಚ್ಚು ಹೊತ್ತು ಬದುಕಲಾರದು. ಕೂಡಿದ ಬಳಿಕ ತೊಳೆದುಕೊಂಡರೆ ತೊಲಗುವುದೂ ಇಲ್ಲ. ನೋಡಲು ಆರೋಗ್ಯವಂತರಾಗಿರುವುದು ಏನನ್ನೂ ಹೇಳುವುದಿಲ್ಲ, ಮದುವೆಯ ತಾಳಿಯೂ ಹೇಳುವುದಿಲ್ಲ. ಕಾಂಡೋಮ್ ಅಪಾಯವನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ಅದು ಮುಚ್ಚದ ಜಾಗದಲ್ಲಿ ಹುಣ್ಣಿದ್ದರೆ ಪೂರ್ತಿ ತಡೆಯಲಾರದು. ಒಮ್ಮೆ ಗುಣವಾದವರಿಗೆ ಮತ್ತೆ ಬರಬಹುದು. ಹುಣ್ಣು ಮಾಯ್ದದ್ದು ರೋಗ ಹೋದದ್ದಲ್ಲ. ಅದನ್ನು ಹೇಳಬಲ್ಲದ್ದು ರಕ್ತಪರೀಕ್ಷೆ ಒಂದೇ. ಸರಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್ಕುಗಳಲ್ಲಿ ಪರೀಕ್ಷೆಯೂ ಮದ್ದೂ ಉಚಿತ.

ಗರ್ಭಿಣಿಯರಿಗೆ ಮಾಡುವ ರಕ್ತಪರೀಕ್ಷೆಗಳ ಚೀಟಿಯಲ್ಲಿ ‘ವಿಡಿಆರ್‌ಎಲ್’ ಎಂಬ ಅಕ್ಷರಗಳನ್ನು ಎಷ್ಟೋ ಕುಟುಂಬಗಳು ನೋಡಿರುತ್ತವೆ, ಅದೇನೆಂದು ಕೇಳಿರುವುದಿಲ್ಲ. ಪರಂಗಿ ಹುಣ್ಣನ್ನು ಹುಡುಕುವ ಪರೀಕ್ಷೆ ಅದು. ಆರಂಭದ ಹಂತದಲ್ಲಿ ಪತ್ತೆಯಾದರೆ ಬೆಂಜಥೀನ್ ಪೆನಿಸಿಲಿನ್‌ನ 24 ಲಕ್ಷ ಯೂನಿಟ್ಟುಗಳ ಒಂದು ಚುಚ್ಚುಮದ್ದು ಸಾಕು. ಹಳೆಯ ಸೋಂಕಾದರೆ ವಾರಕ್ಕೊಂದರಂತೆ ಮೂರು. ಹೆರಿಗೆಗೆ ಒಂದು ತಿಂಗಳು ಮೊದಲೇ ಅದು ಮೈಸೇರಿದರೆ ಮಗುವಿಗೂ ರಕ್ಷೆ ಸಿಗುತ್ತದೆ. ತಾಯಿಗೆ ಮದ್ದು ಕೊಟ್ಟು ತಂದೆಯನ್ನು ಬಿಟ್ಟರೆ ಅವಳಿಗೆ ಮತ್ತೆ ಸೋಂಕು ತಗುಲುತ್ತದೆ. ಅದಕ್ಕಾಗಿಯೇ ಅವಳ ಪರೀಕ್ಷೆ ‘ಇದೆ’ ಎಂದು ಬಂದಾಗ ವೈದ್ಯರು ಗಂಡನನ್ನೂ ಕರೆತರಲು ಹೇಳುತ್ತಾರೆ.